ಬಟವಾಡೆ ದಿನದ ಫೋನು

ನನ್ನ ಮೊಬೈಲ್ ನಂಬರು ಇವತ್ತಿಗೂ ನಮ್ಮ ಚಿಕ್ಕಮಗಳೂರು ಜಿಲ್ಲೆಯ ನೂರಕ್ಕೂ ಹೆಚ್ಚು ಕಾಫಿ ತೋಟಗಳ ಗೋಡೆ ಮೇಲಿದೆ. ಅಂಗೈ ಅಗಲದ ಹಳದಿ ಸ್ಟಿಕ್ಕರು. 'ಏನೇ ತೊಂದರೆ ಆದರೂ ಫೋನ್ ಮಾಡಿ' ಅಂತ ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ ಹತ್ತು ಅಂಕಿ. 2021ರ ಅಕ್ಟೋಬರಿನಲ್ಲಿ ಅದನ್ನು ಪ್ರಿಂಟ್ ಹಾಕಿಸುವಾಗ ತೋಟದ ಕೂಲಿ ಲೆಕ್ಕದ ಆ್ಯಪ್ ಮಾಡುತ್ತಿದ್ದ ನಮ್ಮ ಸಣ್ಣ ಕಂಪನಿಗೆ ಅಂತ ಒಂದು ಫೋನೇ ಇರಲಿಲ್ಲ. ಯಾರ ನಂಬರು ಕೊಡೋದು ಅಂತ ಐದು ನಿಮಿಷ ಮಾತಾಯಿತು. 'ಸದ್ಯಕ್ಕೆ ನಿಮ್ಮದು ಇರಲಿ, ಆಮೇಲೆ ಹೊಸ ಸಿಮ್ ತರೋಣ' ಅಂದರು. ಸಿಮ್ ತರೋದು ಎಲ್ಲರಿಗೂ ಮರೆತುಹೋಯಿತು. ಸ್ಟಿಕ್ಕರ್ ಮಾತ್ರ ಐನೂರು ಬಂತು.

'ಆಮೇಲೆ ಮಾಡೋಣ' ಅನ್ನುವ ಈ ಮಾತು ನೆನಪಿರಲಿ. ಮುಂದೆ ಮತ್ತೆ ಬರುತ್ತದೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಅದು ಈಗ ಬೇರೆಯೇ ಕೆಲಸ ಮಾಡುತ್ತಿದೆ, ಬೇರೆ ಊರಲ್ಲಿದೆ. ನಾನು ಸೇರಿದಾಗ ನಾವು ಆರು ಜನ. ಚಿಕ್ಕಮಗಳೂರು ಪೇಟೆಯ ಐ.ಜಿ. ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ, ಸ್ಪ್ರೇಯರು, ಪಂಪ್‌ಸೆಟ್ಟು ಮಾರುವ ಅಂಗಡಿಯ ಮೇಲೆ ನಮ್ಮ ಆಫೀಸು. ಮೆಟ್ಟಿಲು ಹತ್ತುವಾಗ ರಬ್ಬರ್ ಪೈಪಿನ ವಾಸನೆ. ಮಳೆಗಾಲದಲ್ಲಿ ಆ ವಾಸನೆಗೆ ನಮ್ಮ ಒದ್ದೆ ರೈನ್‌ಕೋಟುಗಳ ವಾಸನೆಯೂ ಸೇರುತ್ತಿತ್ತು. ಕರೆಂಟು ಹೋದರೆ ಯುಪಿಎಸ್ಸು ಮುಕ್ಕಾಲು ಗಂಟೆ ಬರುತ್ತಿತ್ತು. ಅದು ಮುಗಿದರೆ ಕೆಳಗಿನ ಅಂಗಡಿಯವರ ಜನರೇಟರಿನಿಂದ ಒಂದು ವೈರು. ಅದಕ್ಕೆ ಬಾಡಿಗೆ ಅಂತ ಅವರು ಏನೂ ತೆಗೆದುಕೊಳ್ಳಲಿಲ್ಲ. ಮಗನಿಗೆ ಕಂಪ್ಯೂಟರ್ ಕಲಿಸಿ ಅಂದರು. ಕಲಿಸಿದೆವು.

ನಾನು ಬಂದದ್ದು ಬೆಂಗಳೂರಿನಿಂದ. ನಮ್ಮೂರಲ್ಲೇ ಇಂಜಿನಿಯರಿಂಗ್ ಓದಿ, ಬೆಂಗಳೂರಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವಳು ವಾಪಸ್ ಹೋಗಲಿಲ್ಲ. ಆಲ್ದೂರಿನ ಹತ್ತಿರ ಅಪ್ಪನಿಗೆ ನಾಲ್ಕು ಎಕರೆ ತೋಟ ಇದೆ. ಅಷ್ಟರಲ್ಲಿ ಅರೇಬಿಕಾ, ರೊಬಸ್ಟಾ ಎರಡೂ ಇದೆ, ಮರಗಳಿಗೆ ಮೆಣಸು ಹಬ್ಬಿಸಿದ್ದಾರೆ. ದೊಡ್ಡ ಆಸ್ತಿಯೇನಲ್ಲ. ಆದರೆ ಚೆಕ್‌ರೋಲು, ಬಟವಾಡೆ, ಮುಂಗಡ, ಮರಕಸಿ (ನೆರಳಿನ ಮರದ ಕೊಂಬೆ ಸವರುವುದು) ಇಂಥ ಮಾತುಗಳನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಂದರ್ಶನದಲ್ಲಿ ನನ್ನನ್ನು ತೆಗೆದುಕೊಂಡದ್ದೂ ಅದಕ್ಕೇ ಅಂತ ಆಮೇಲೆ ಗೊತ್ತಾಯಿತು.

ನಾವು ಮಾಡುತ್ತಿದ್ದ ಕೆಲಸ ಸರಳ. ತೋಟದಲ್ಲಿ ದಿನಾ ಬೆಳಿಗ್ಗೆ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ಚೆಕ್‌ರೋಲ್ ಅನ್ನುವ ಪುಸ್ತಕದಲ್ಲಿ ಹಾಜರಿ ಹಾಕುತ್ತಾರೆ. ಯಾರು ಬಂದರು, ಯಾರಿಗೆ ಯಾವ ಕೆಲಸ ಅಂತ. ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿ ಒಬ್ಬೊಬ್ಬರದ್ದು ಎಷ್ಟು ಕೆಜಿ ಅಂತ ಬರೆಯುತ್ತಾರೆ. ಮಧ್ಯೆ ಯಾರಾದರೂ ಮುಂಗಡ ಕೇಳಿದರೆ ಅದನ್ನೂ ಬರೆದಿಡುತ್ತಾರೆ. ಶನಿವಾರ ಎಲ್ಲ ಕೂಡಿ, ಕಳೆದು, ಕೂಲಿ ಕೊಡುತ್ತಾರೆ. ಅದೇ ಬಟವಾಡೆ. ಈ ಪುಸ್ತಕವನ್ನು ನಾವು ಫೋನಿಗೆ ತಂದೆವು. ತೋಟದಲ್ಲಿ ಸಿಗ್ನಲ್ ಇರುವುದಿಲ್ಲ. ಹಾಗಾಗಿ ಬರೆದದ್ದೆಲ್ಲ ಫೋನಿನಲ್ಲೇ ಕೂತಿರುತ್ತಿತ್ತು, ಸಿಗ್ನಲ್ ಸಿಕ್ಕಾಗ ನಮ್ಮ ಸರ್ವರಿಗೆ ಬರುತ್ತಿತ್ತು. ಬೆಂಗಳೂರಿನಲ್ಲೋ, ದುಬೈಯಲ್ಲೋ ಇರುವ ಮಾಲೀಕರು ಅಲ್ಲಿಂದಲೇ ನೋಡಬಹುದಿತ್ತು.

ಮೊದಲ ವರ್ಷ ಹೇಗಿತ್ತು ಅಂದರೆ, ನಾನು ವಾರಕ್ಕೆ ಮೂರು ದಿನ ಸ್ಕೂಟರಿನಲ್ಲಿರುತ್ತಿದ್ದೆ. ಮಲ್ಲಂದೂರು, ವಸ್ತಾರೆ, ಮಾಗುಂಡಿ, ಬಾಳೆಹೊನ್ನೂರು, ಒಮ್ಮೊಮ್ಮೆ ಮೂಡಿಗೆರೆ ದಾಟಿ. ರೈಟರುಗಳ ಪಕ್ಕ ಕೂತು ಫೋನಿನಲ್ಲಿ ಹಾಜರಿ ಹಾಕುವುದು ಹೇಗೆ ಅಂತ ತೋರಿಸುವುದು ನನ್ನ ಕೆಲಸ. ಅವರು ನನಗೆ ಕಲಿಸಿದ್ದೇ ಜಾಸ್ತಿ. ಒಬ್ಬರು ಹೇಳಿದರು, ಕುಯ್ಲಿನ ಕಾಲದಲ್ಲಿ ಬೆರಳಿಗೆಲ್ಲ ಹಣ್ಣಿನ ಅಂಟು ಇರುತ್ತೆ, ನಿಮ್ಮ ಗುಂಡಿಗಳು ಇಷ್ಟು ಸಣ್ಣ ಇದ್ದರೆ ಹೇಗೆ ಒತ್ತೋದು ಅಂತ. ಅವತ್ತು ರಾತ್ರಿಯೇ ಗುಂಡಿಗಳು ದೊಡ್ಡದಾದವು. ಇನ್ನೊಬ್ಬರು, ಅಸ್ಸಾಮಿನಿಂದ ಬಂದವರಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇದ್ದಾರೆ, ಫೋಟೋ ಇಲ್ಲದಿದ್ದರೆ ನನಗೆ ಗೊತ್ತಾಗಲ್ಲ ಅಂದರು. ಫೋಟೋ ಬಂತು. ಆಫೀಸಿನಲ್ಲಿ ಆರು ಜನ ಒಂದೇ ಮೇಜಿನ ಸುತ್ತ ಕೂತಿದ್ದಾಗ, ನಾನು ಹೇಳಿದ್ದು ಎಲ್ಲರ ಕಿವಿಗೂ ಬೀಳುತ್ತಿತ್ತು. ಮೀಟಿಂಗು ಅಂತ ಬೇರೆ ಇರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಆಗುತ್ತಿದ್ದದ್ದೇ ಮೀಟಿಂಗು.

ಇದಕ್ಕೊಂದು ಲೆಕ್ಕ ಇದೆ. ಆರು ಜನ ಇದ್ದರೆ ಒಬ್ಬರಿಗೊಬ್ಬರು ಮಾತಾಡುವ ಜೋಡಿಗಳು 15. ಇಪ್ಪತ್ತೆರಡು ಜನ ಆದರೆ 231. ಎಪ್ಪತ್ತು ಜನಕ್ಕೆ 2,415. ಜನ ಸುಮಾರು ಹನ್ನೆರಡು ಪಟ್ಟಾದರೆ ಮಾತು ನೂರ ಅರವತ್ತು ಪಟ್ಟಾಗುತ್ತದೆ. ಮದುವೆ ಮನೆಯಲ್ಲಿ ಇದು ಗೊತ್ತಾಗುತ್ತೆ ಅಲ್ವಾ? ಹತ್ತು ಜನ ಇದ್ದಾಗ ಸಲೀಸಾಗಿ ಆಗುತ್ತಿದ್ದ ಅಡುಗೆ, ನೂರು ಜನ ಸೇರಿದಾಗ ಉಪ್ಪು ಹಾಕಿದವರು ಯಾರು, ಹಾಕದವರು ಯಾರು ಅಂತಲೇ ಗೊತ್ತಾಗುವುದಿಲ್ಲ.

2022ರ ಜೂನ್‌ನಲ್ಲಿ ಮೊದಲ ಹೂಡಿಕೆ ಬಂತು. ಅಪ್ಪನಿಗೆ ಹೇಳಿದೆ. ಅವರು ಖುಷಿ ಪಡಲಿಲ್ಲ. 'ಯಾರ ದುಡ್ಡು? ಯಾವಾಗ ವಾಪಸ್ ಕೇಳ್ತಾರೆ?' ಅಂದರು. ಸಾಲ ಅಲ್ಲಪ್ಪ, ಪಾಲು ಅಂದೆ. ಅವರು ಸುಮ್ಮನಾದರು. ನಮ್ಮೂರಲ್ಲಿ 'ಹೂಡಿಕೆದಾರರು' ಅನ್ನುವ ಪದ ಬೇರೆ ಊರುಗಳಲ್ಲಿ ಕೇಳಿದ ಹಾಗೆ ಕೇಳುವುದಿಲ್ಲ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಒಂದು ಕಾಫಿ ಅಂಗಡಿ ತೆರೆದು ದೇಶಕ್ಕೆಲ್ಲ ಹಬ್ಬಿಸಿದ ಸಿದ್ಧಾರ್ಥ ಹೆಗ್ಡೆಯವರು ಇದೇ ಜಿಲ್ಲೆಯವರು. 2019ರ ಜುಲೈ ಕೊನೆಯ ದಿನಗಳಲ್ಲಿ ನೇತ್ರಾವತಿ ನದಿಯಿಂದ ಅವರ ಸಾವಿನ ಸುದ್ದಿ ಬಂದಾಗ ಇಡೀ ಊರು ಟಿವಿ ಮುಂದೆ ಕೂತಿತ್ತು. ನಮ್ಮ ಆರು ಜನರ ಕಂಪನಿಗೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ. ಆದರೆ ಅಪ್ಪನ ವಯಸ್ಸಿನ ಬೆಳೆಗಾರರಿಗೆ ಬೆಳವಣಿಗೆ ಅಂದರೆ ಮೊದಲು ನೆನಪಾಗುವುದು ಆ ವಾರ. ಇದನ್ನು ಬೆಂಗಳೂರಿನಿಂದ ಬಂದ ನಮ್ಮ ಸಹೋದ್ಯೋಗಿಗಳಿಗೆ ವಿವರಿಸುವುದು ಕಷ್ಟವಾಗುತ್ತಿತ್ತು.

ದುಡ್ಡಿನ ಜೊತೆ ಹೊಸ ಪದಗಳು ಬಂದವು. ಒಂದು, ರನ್‌ವೇ. ಬ್ಯಾಂಕಿನಲ್ಲಿರುವ ಹಣವನ್ನು ತಿಂಗಳ ಖರ್ಚಿನಿಂದ ಭಾಗಿಸಿದರೆ ಇನ್ನೆಷ್ಟು ತಿಂಗಳು ಉಸಿರಾಡಬಹುದು ಅಂತ ಸಿಗುತ್ತದೆ, ಅದೇ ರನ್‌ವೇ. ವಿಮಾನ ಬಿಡಿ, ಕಡೂರಿನಿಂದ ರೈಲು ಬರಲಿಕ್ಕೇ 2013ರವರೆಗೆ ಕಾದ ಊರಿನಲ್ಲಿ ಕೂತು ನಾವು ದಿನಾ ರನ್‌ವೇ ಬಗ್ಗೆ ಮಾತಾಡುತ್ತಿದ್ದೆವು.

ಇನ್ನೊಂದು, ವಾರದ ಬೆಳವಣಿಗೆ. ಸ್ಟಾರ್ಟಪ್ ಜಗತ್ತಿನಲ್ಲಿ ಒಂದು ಮಾತಿದೆ, ವಾರಕ್ಕೆ ಶೇ. 5ರಿಂದ 7ರಷ್ಟು ಬೆಳೆದರೆ ಕಂಪನಿ ಚೆನ್ನಾಗಿ ಹೋಗುತ್ತಿದೆ ಅಂತ. ಶೇ. 7 ಅಂದರೆ ಕೇಳಲಿಕ್ಕೆ ಬ್ಯಾಂಕಿನ ಬಡ್ಡಿಯ ಹಾಗಿದೆ. ಆದರೆ ಅದು ವಾರಕ್ಕೆ. ಚಕ್ರಬಡ್ಡಿ ಹಾಕಿ ನೋಡಿ, 52 ವಾರಕ್ಕೆ 33 ಪಟ್ಟು ದಾಟುತ್ತದೆ. ನಮ್ಮ ಹತ್ತಿರ ಆಗ 40 ತೋಟಗಳಿದ್ದವು. ಮುಂದಿನ ವರ್ಷ ಇದೇ ಹೊತ್ತಿಗೆ 1,300 ದಾಟಬೇಕು. ಎಲ್ಲಿಂದ ತರುವುದು?

ಇಲ್ಲಿ ನಮ್ಮ ಸಮಸ್ಯೆಯ ಬೇರು ಇತ್ತು, ಆದರೆ ಆಗ ಯಾರೂ ಜೋರಾಗಿ ಹೇಳಲಿಲ್ಲ. ನಾನೂ ಹೇಳಲಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. ಅದರಲ್ಲಿ ಬಹುಪಾಲು ಚಿಕ್ಕಮಗಳೂರು, ಕೊಡಗು, ಹಾಸನ ಮೂರೇ ಜಿಲ್ಲೆಯದ್ದು. ಕೇಳಿದರೆ ದೊಡ್ಡ ಮಾರುಕಟ್ಟೆ ಅನ್ನಿಸುತ್ತದೆ. ಆದರೆ ಬೆಳೆಗಾರರಲ್ಲಿ ಹೆಚ್ಚಿನವರು 25 ಎಕರೆಗಿಂತ ಕಡಿಮೆ ಇರುವವರು, ನಮ್ಮ ಅಪ್ಪನ ಥರದವರು. ಅಪ್ಪನ ತೋಟಕ್ಕೆ ಬರುವುದು ಮೂರು ಜನ, ಕುಯ್ಲಿಗೆ ಎಂಟು. ಅವರ ಹಾಜರಿಗೆ ಆ್ಯಪ್ ಯಾಕೆ ಬೇಕು? ಕ್ಯಾಲೆಂಡರಿನ ಹಿಂದೆ ಬರೆದುಕೊಂಡರೆ ಸಾಕು. ನಮ್ಮ ಆ್ಯಪ್ ಬೇಕಾದ ದೊಡ್ಡ ಎಸ್ಟೇಟುಗಳು ಮೂರು ಜಿಲ್ಲೆ ಹುಡುಕಿದರೂ ಲೆಕ್ಕಕ್ಕೆ ಸಿಗುವಷ್ಟೇ. ಸ್ವಂತ ಮನೆಯಲ್ಲೇ ಬೇಡವಾದ ಸರಕನ್ನು ನಾನು ಊರಿಗೆಲ್ಲ ಮಾರುತ್ತಿದ್ದೆ.

ಮಳೆಗಾಲದ ಗ್ರಾಫಿನ ಕಥೆ ಹೇಳಲೇಬೇಕು. ಜುಲೈನಲ್ಲಿ ಒಂದು ವಿಡಿಯೋ ಕಾಲ್. ಆ ಕಡೆ ಹೂಡಿಕೆ ಸಂಸ್ಥೆಯ ಹುಡುಗ, ಒಳ್ಳೆಯವನೇ, ಮುಂಬೈಯವನು. ತೆರೆಯ ಮೇಲೆ ನಮ್ಮ ಬಳಕೆಯ ಗೆರೆ. ಜನವರಿಯಲ್ಲಿ ಗುಡ್ಡ ಹತ್ತಿದ್ದು, ಜೂನ್‌ನಲ್ಲಿ ಧೊಪ್ಪೆಂದು ಬಿದ್ದಿತ್ತು. ಗ್ರಾಹಕರು ಯಾಕೆ ಬಿಟ್ಟು ಹೋಗುತ್ತಿದ್ದಾರೆ ಅಂತ ಕೇಳಿದ. ಯಾರೂ ಬಿಟ್ಟು ಹೋಗಿಲ್ಲ ಸರ್, ಮಳೆ ಬರ್ತಿದೆ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಫೋನನ್ನು ಕಿಟಕಿಯ ಹೊರಗೆ ಹಿಡಿದು ತೋರಿಸಿದೆ. ಪುನರ್ವಸು ಮಳೆ ಅಡ್ಡಡ್ಡ ಹೊಡೆಯುತ್ತಿತ್ತು, ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ಇಂಥದ್ದರಲ್ಲಿ ತೋಟಕ್ಕೆ ಎಷ್ಟು ಜನ ಬರುತ್ತಾರೆ? ಅವನು ಒಂದು ನಿಮಿಷ ನೋಡಿ, ಹಾಗಿದ್ದರೆ ಮಳೆ ಇಲ್ಲದ ಕಡೆಯೂ ಗ್ರಾಹಕರು ಬೇಕಲ್ಲ ಅಂದ.

ಅವನು ಹೇಳಿದ್ದು ತಪ್ಪಲ್ಲ. ಕಂಪನಿಯ ದಾರಿ ಕಾಫಿ ಬಿಟ್ಟು ಕಟ್ಟಡ ಕೆಲಸದ ಕಡೆ ತಿರುಗಿದ್ದು ಆ ಒಂದು ವಾಕ್ಯದಿಂದ ಅಂತ ನನ್ನ ಅನುಮಾನ. ಕಟ್ಟಡದ ಕೆಲಸಕ್ಕೂ ಹಾಜರಿ ಬೇಕು, ಮುಂಗಡ ಬೇಕು, ಶನಿವಾರದ ಕೂಲಿ ಬೇಕು. ಬೆಂಗಳೂರಿನಲ್ಲಿ ಅದಕ್ಕೆ ಬರ ಇಲ್ಲ.

ಈಗ 2023ರ ಜನವರಿಯ ಆ ಶನಿವಾರಕ್ಕೆ ಬರುತ್ತೇನೆ. ಇದನ್ನು ಬರೆಯಬೇಕು ಅಂತಲೇ ಇಷ್ಟು ಸುತ್ತು ಹಾಕಿದ್ದು.

ಆಗ ನಾವು 22 ಜನ. ಅರೇಬಿಕಾ ಕುಯ್ಲು ಮುಗಿಯುವ ಹೊತ್ತು, ರೊಬಸ್ಟಾ ಶುರುವಾಗುವ ಹೊತ್ತು. ಸಂಜೆ ಐದಕ್ಕೆ ಮಲ್ಲಂದೂರು ಕಡೆಯ ಒಂದು ಎಸ್ಟೇಟಿನ ರೈಟರು ಫೋನ್ ಮಾಡಿದರು. ಅರವತ್ತು ದಾಟಿದವರು, ಮೂವತ್ತೈದು ವರ್ಷದಿಂದ ಅದೇ ತೋಟದಲ್ಲಿದ್ದವರು. 'ಅವ್ವಾ, ಸ್ವಲ್ಪ ಬರ್ತೀರಾ?' ಅಂದರು. ಹಿಂದೆ ಗಲಾಟೆ ಕೇಳುತ್ತಿತ್ತು. ಏನಾಯಿತು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಶನಿವಾರ ಅಂದರೆ ಕೈಮರದ ಹತ್ತಿರ ಮುಳ್ಳಯ್ಯನಗಿರಿಗೆ ಹೋಗಿ ಬರುವ ಕಾರುಗಳ ಸಾಲು. ಅದರ ಸಂದಿಯಲ್ಲಿ ಸ್ಕೂಟರ್ ನುಗ್ಗಿಸಿಕೊಂಡು ಹೋಗುವಷ್ಟರಲ್ಲಿ ಕತ್ತಲಾಗಿತ್ತು.

ಕಣದಲ್ಲಿ ಐವತ್ತು ಅರವತ್ತು ಜನ ನಿಂತಿದ್ದರು. ಒಂದು ಬಲ್ಬು. ರೈಟರು ಕುರ್ಚಿಯಲ್ಲಿ ಕೂತಿದ್ದರು, ಮುಂದೆ ಮೇಜಿನ ಮೇಲೆ ದುಡ್ಡಿನ ಪೆಟ್ಟಿಗೆ. ವಿಷಯ ಇಷ್ಟು. ಆ ವಾರ ಹಲವರು ಮುಂಗಡ ತೆಗೆದುಕೊಂಡಿದ್ದರು. ಸಾವಿರ ತೆಗೆದುಕೊಂಡವರಿಗೆ ನಮ್ಮ ಆ್ಯಪ್ ಎರಡು ಸಾವಿರ ಕಳೆದಿತ್ತು. ಐನೂರರವರಿಗೆ ಸಾವಿರ. ಎಲ್ಲರಿಗೂ ಅಲ್ಲ, ಹದಿನಾಲ್ಕು ಜನಕ್ಕೆ. ಅದು ಇನ್ನೂ ಕೆಟ್ಟದ್ದು. ಎಲ್ಲರಿಗೂ ತಪ್ಪಾಗಿದ್ದರೆ ಮೆಷಿನ್ನಿನ ತಪ್ಪು ಅನ್ನುತ್ತಿದ್ದರು. ಹದಿನಾಲ್ಕು ಜನಕ್ಕೆ ಮಾತ್ರ ಆದರೆ, ಯಾರೋ ಆರಿಸಿ ಮಾಡಿದ ಹಾಗೆ ಕಾಣುತ್ತದೆ. 'ನಮ್ಮ ದುಡ್ಡು ನೀವು ಇಟ್ಕೊಂಡ್ರಾ?' ಅಂತ ಒಬ್ಬ ಹುಡುಗ ರೈಟರ ಮುಖಕ್ಕೇ ಕೇಳಿದ್ದನಂತೆ.

ರೈಟರು ತಮ್ಮ ಹಳೆಯ ಚೆಕ್‌ರೋಲ್ ಪುಸ್ತಕ ಬಿಟ್ಟಿರಲಿಲ್ಲ. ಅದಿನ್ನು ಬೇಡ ಅಂತ ನಾನೇ ಎರಡು ಸಲ ಹೇಳಿದ್ದೆ. 'ನಿಮ್ಮದು ನಿಮಗಿರಲಿ, ನಮ್ಮದು ನಮಗಿರಲಿ' ಅಂದಿದ್ದರು. ಅವತ್ತು ಆ ಪುಸ್ತಕವೇ ಮರ್ಯಾದೆ ಉಳಿಸಿತು. ನಾನು ನೆಲದ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದು, ಪುಸ್ತಕ ನೋಡಿ, ಫೋನು ನೋಡಿ, ಲೆಕ್ಕ ಸರಿ ಮಾಡಿದೆ. ಒಂಬತ್ತೂವರೆ ಆಯಿತು. ಎಲ್ಲರೂ ಕೂಲಿಯವರ ಲೈನ್ ಮನೆ ಕಡೆ ಹೋದ ಮೇಲೆ ರೈಟರ ಹೆಂಡತಿ ಅಕ್ಕಿ ರೊಟ್ಟಿ ತಂದಿಟ್ಟರು. ರೈಟರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ರೊಟ್ಟಿ ಮುರಿಯುತ್ತಾ ಇಷ್ಟು ಮಾತ್ರ ಅಂದರು:

'ನಿಮ್ಮ ಕಂಪ್ಯೂಟ್ರು ತಪ್ಪು ಮಾಡಿದ್ರೆ ತಪ್ಪು ಅಂತಾರೆ. ನಾನು ಮಾಡಿದ್ರೆ ಕಳ್ತನ ಅಂತಾರೆ.'

ತಪ್ಪು ಎಲ್ಲಾಗಿತ್ತು ಅಂತ ಆಫೀಸಿಗೆ ಬಂದು ಹುಡುಕಿದೆವು. ರೈಟರು ಸಿಗ್ನಲ್‌ಗಾಗಿ ಬಂಡೆಯ ಮೇಲೆ ಹತ್ತುತ್ತಿದ್ದರು. ಫೋನಿನಿಂದ ಮುಂಗಡದ ಚೀಟಿ ಹೊರಡುತ್ತದೆ. ಸರ್ವರ್ ಅದನ್ನು ಬರೆದುಕೊಳ್ಳುತ್ತದೆ. 'ಬಂತು' ಅಂತ ಸರ್ವರ್ ವಾಪಸ್ ಹೇಳುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಫೋನು, ಪಾಪ, ಚೀಟಿ ತಲುಪಿಲ್ಲ ಅಂದುಕೊಂಡು ಇನ್ನೊಂದು ಸಲ ಕಳಿಸುತ್ತದೆ. ಸರ್ವರ್ ಇನ್ನೊಂದು ಸಲ ಬರೆದುಕೊಳ್ಳುತ್ತದೆ. ಇದಕ್ಕೆ ಮದ್ದು ಬಹಳ ಹಳೆಯದು. ಪ್ರತಿ ಚೀಟಿಗೂ ಹುಟ್ಟುವಾಗಲೇ ಒಂದು ನಂಬರ್ ಕೊಡಬೇಕು. ಅದೇ ನಂಬರಿನ ಚೀಟಿ ಮತ್ತೆ ಬಂದರೆ ಪಕ್ಕಕ್ಕಿಡಬೇಕು. ಹಾಜರಿಗೂ ತೂಕಕ್ಕೂ ನಾವು ಹಾಗೆ ಮಾಡಿದ್ದೆವು. ಮುಂಗಡದ ಭಾಗ ಆಮೇಲೆ ಸೇರಿಸಿದ್ದು, ಅದಕ್ಕೆ ಮಾಡಿರಲಿಲ್ಲ. ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಹುಡುಗ ಅದನ್ನು ಅಕ್ಟೋಬರಿನಲ್ಲೇ ಗುರುತಿಸಿ ಪಟ್ಟಿಯಲ್ಲಿ ಬರೆದಿದ್ದ. ಪಟ್ಟಿಯ ಹೆಸರು, 'ಆಮೇಲೆ'. ನಿಜವಾಗಿಯೂ ಅದೇ ಹೆಸರು. ಅದರಲ್ಲಿ ಆಗ ಎಂಬತ್ತಕ್ಕೂ ಹೆಚ್ಚು ಸಾಲುಗಳಿದ್ದವು. ಅಕ್ಟೋಬರಿನಿಂದ ಜನವರಿವರೆಗೆ ನಾವೆಲ್ಲ ಹೊಸ ಹೂಡಿಕೆದಾರರಿಗೆ ತೋರಿಸಲು ಕಟ್ಟಡ ಕೆಲಸದ ಡೆಮೊ ಮಾಡುತ್ತಿದ್ದೆವು.

ಭಾನುವಾರ ಮಧ್ಯಾಹ್ನದೊಳಗೆ ಅವನು ಸರಿ ಮಾಡಿದ. ಐದು ಗಂಟೆಯ ಕೆಲಸ.

ವೇಗವಾಗಿ ಬೆಳೆಯುವ ಕಂಪನಿಯಲ್ಲಿ ಕೆಲಸ ಹೇಗಿರುತ್ತೆ ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಪಟ್ಟಿ. ರಾತ್ರಿ ಹನ್ನೊಂದರವರೆಗೆ ಕೂರುವುದು, ವಾರಕ್ಕೊಮ್ಮೆ ಕೆಲಸ ಬದಲಾಗುವುದು, ಅದೆಲ್ಲ ಅಭ್ಯಾಸ ಆಗುತ್ತದೆ. ಹುರುಪೂ ಇರುತ್ತದೆ, ಸುಳ್ಳು ಹೇಳಬಾರದು. ಆದರೆ ಒಂದು ಕೆಲಸಕ್ಕೆ 'ಆಮೇಲೆ' ಅಂದಾಗ ಅದರ ಭಾರ ಎಲ್ಲೂ ಮಾಯವಾಗುವುದಿಲ್ಲ. ಅದು ಯಾರದ್ದೋ ಹೆಗಲಿಗೆ ಹೋಗುತ್ತದೆ. ಬೆಂಗಳೂರಿನಲ್ಲಾದರೆ ಆ ಹೆಗಲು ಕಾಣುವುದಿಲ್ಲ. ಚಿಕ್ಕಮಗಳೂರಿನಲ್ಲಿ ಕಾಣುತ್ತದೆ. ಬುಧವಾರ ಸಂತೆಯಲ್ಲಿ ತರಕಾರಿ ಕೊಳ್ಳುವಾಗ ಎದುರಿಗೆ ಬರುತ್ತದೆ, ನಮಸ್ಕಾರ ಅವ್ವ ಅನ್ನುತ್ತದೆ.

2023ರ ಮಧ್ಯಕ್ಕೆ ಎರಡನೇ ಹೂಡಿಕೆ ಬಂತು, ಮೊದಲಿಗಿಂತ ಬಹಳ ದೊಡ್ಡದು. ದೇಶದಲ್ಲೆಲ್ಲ ಸ್ಟಾರ್ಟಪ್‌ಗಳಿಗೆ ದುಡ್ಡು ಬತ್ತಿದ್ದ ಕಾಲ ಅದು. ನಮಗೆ ಸಿಕ್ಕಿದ್ದು ಕಟ್ಟಡ ಕೆಲಸದ ಡೆಮೊದಿಂದಲೇ. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನಲ್ಲಿ ಆಫೀಸು ತೆರೆದರು. ಆರು ತಿಂಗಳಲ್ಲಿ ಎಪ್ಪತ್ತು ಜನ. ನಾನು ಅಲ್ಲಿಗೆ ತಿಂಗಳಿಗೆರಡು ಸಲ ರಾತ್ರಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಂದು ಸಲ ಬಾಗಿಲಲ್ಲಿ ಕೂತಿದ್ದ ಹುಡುಗಿ ಯಾರನ್ನು ನೋಡಬೇಕಿತ್ತು ಮೇಡಂ ಅಂತ ಕೇಳಿದಳು. ಅವಳ ಹಿಂದಿನ ಗೋಡೆಯ ಮೇಲೆ ದೊಡ್ಡ ಚಿತ್ರ, ಮಂಜಿನಲ್ಲಿ ಕಾಫಿ ತೋಟ, ತಲೆಗೆ ಟವೆಲ್ ಕಟ್ಟಿದ ರೈಟರೊಬ್ಬರು ಫೋನ್ ನೋಡುತ್ತಿರುವುದು. ಆ ಫೋಟೋ ತೆಗೆದದ್ದು ನಾನು. ಪಕ್ಕದಲ್ಲೇ ಕಾಫಿ ಮೆಷಿನ್ನು. ಅದರಿಂದ ಬರುತ್ತಿದ್ದದ್ದನ್ನು ನಮ್ಮ ಮನೆಯಲ್ಲಿ ಕಾಫಿ ಅನ್ನುವುದಿಲ್ಲ.

ನನಗೆ ದೊಡ್ಡ ಹುದ್ದೆ ಕೊಟ್ಟರು. ಗ್ರಾಹಕರ ತೊಂದರೆ ನೋಡಿಕೊಳ್ಳುವ ವಿಭಾಗದ ಮುಖ್ಯಸ್ಥೆ. ಊರಲ್ಲೇ ಇಪ್ಪತ್ತು ಜನರ ತಂಡ ಕಟ್ಟು ಅಂದರು. ಕಟ್ಟಿದೆ. ಕಡೂರು, ತರೀಕೆರೆ, ಮೂಡಿಗೆರೆಯ ಹುಡುಗಿಯರೇ ಹೆಚ್ಚು. ಬಿ.ಕಾಂ. ಮಾಡಿ, ಬೆಂಗಳೂರಿಗೆ ಕಳಿಸಲು ಮನೆಯಲ್ಲಿ ಒಪ್ಪದೆ ಕೂತಿದ್ದವರು. ಮೊದಲ ಸಂಬಳದಲ್ಲಿ ಅವ್ವನಿಗೆ ಮಿಕ್ಸಿ ಕೊಡಿಸಿದೆ ಅಂತ ಒಬ್ಬಳು ಹೇಳಿದ್ದು, ಈ ಕಂಪನಿಯಲ್ಲಿ ನನಗೆ ಸಿಕ್ಕ ಅತ್ಯಂತ ಗಟ್ಟಿ ಸುಖ. ಬೆಳವಣಿಗೆಯನ್ನು ನಾನು ಎಷ್ಟೇ ಬೈದರೂ, ಬೆಳೆಯದಿದ್ದರೆ ಆ ಮಿಕ್ಸಿ ಬರುತ್ತಿರಲಿಲ್ಲ.

ತಂಡ ಇದ್ದರೆ ಅಳತೆ ಬೇಕು. ಒಂದು ಟೋಲ್ ಫ್ರೀ ನಂಬರ್ ತಂದೆವು. ಕನ್ನಡಕ್ಕೆ 1 ಒತ್ತಿ, ಹಾಜರಿ ತೊಂದರೆಗೆ 2 ಒತ್ತಿ. ಆ ಧ್ವನಿ ನನ್ನದೇ. ಒಂದು ಕರೆಗೆ ಸರಾಸರಿ ನಾಲ್ಕು ನಿಮಿಷ ಅಂತ ಗುರಿ ಇಟ್ಟದ್ದೂ ನಾನೇ. ತೆರೆಯ ಮೇಲೆ ಎಲ್ಲರ ಸರಾಸರಿ ಕಾಣುವ ಡ್ಯಾಶ್‌ಬೋರ್ಡ್ ಮಾಡಿಸಿದೆ. ಮೊದಲ ತಿಂಗಳ ಕೊನೆಗೆ ನೋಡಿದರೆ ಕೊನೆಯ ಸ್ಥಾನ ನನ್ನದು. ನನ್ನ ಸರಾಸರಿ ಹದಿನೇಳು ನಿಮಿಷ. ರೈಟರುಗಳು ಟೋಲ್ ಫ್ರೀಗೆ ಮಾಡದೆ ಸ್ಟಿಕ್ಕರಿನ ನಂಬರಿಗೇ ಮಾಡುತ್ತಿದ್ದರು. ಹೂ ಮಳೆ ಆಯ್ತಾ, ಮೊಮ್ಮಗಳು ಹೇಗಿದ್ದಾಳೆ, ಮೆಣಸಿಗೆ ಸೊರಗು ರೋಗ ಬಂತಾ ಅಂತ ಮಾತಾಡಿ, ಕೊನೆಗೆ 'ಹಾಂ, ಅದೇ, ಆ ಆ್ಯಪಿನದ್ದೊಂದು' ಅಂತ ಶುರು ಮಾಡುತ್ತಿದ್ದರು. ನಿಜವಾದ ತೊಂದರೆ ಹದಿನೈದನೇ ನಿಮಿಷದಲ್ಲೇ ಹೊರಬರುತ್ತಿತ್ತು. ನಾಲ್ಕು ನಿಮಿಷಕ್ಕೆ ಫೋನ್ ಇಟ್ಟವರ ದೂರಿನ ಟಿಕೆಟ್ಟುಗಳು ಮೂರು ದಿನ ಬಿಟ್ಟು ಮತ್ತೆ ತೆರೆದುಕೊಳ್ಳುತ್ತಿದ್ದವು. ಇದನ್ನು ಮೇಲಿನವರಿಗೆ ಹೇಳಿದೆ. ಅಂಕಿ ತೋರಿಸಿದೆ ಕೂಡ. ಕಾಫಿಯ ಕರೆಗಳು ಈಗ ಒಟ್ಟು ಕರೆಗಳಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲವಲ್ಲ ಅಂದರು. ಅದೂ ನಿಜವೇ.

ಷೇರಿನ ವಿಷಯ. ಸೇರುವಾಗ ಸಂಬಳ ಬೆಂಗಳೂರಿನದ್ದಕ್ಕಿಂತ ಕಡಿಮೆ, ಬದಲಿಗೆ ಇಸಾಪ್, ಅಂದರೆ ಕಂಪನಿಯ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು. ನಾಲ್ಕು ವರ್ಷದಲ್ಲಿ ಕಂತುಕಂತಾಗಿ ಕೈಗೆ ಬರುತ್ತದೆ, ಮೊದಲ ಒಂದು ವರ್ಷ ಏನೂ ಇಲ್ಲ. ಅಪ್ಪನಿಗೆ ವಿವರಿಸಿದಾಗ ಅವರಿಗೆ ತಕ್ಷಣ ಅರ್ಥವಾಯಿತು. ಕಾಫಿ ಗಿಡವೂ ನೆಟ್ಟ ಮೂರು ನಾಲ್ಕು ವರ್ಷಕ್ಕೆ ಮೊದಲ ಫಸಲು ಕೊಡುವುದು. ಮತ್ತೆ ಕಂತಿನ ವಿಷಯಕ್ಕೆ, 'ಓ, ಪೂಲಿಂಗ್ ಥರ' ಅಂದರು. ತೊಂಬತ್ತರ ದಶಕದಲ್ಲಿ ಮಾರುಕಟ್ಟೆ ಬಿಡುವವರೆಗೂ ಬೆಳೆಗಾರರು ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಒಟ್ಟು ಎಷ್ಟು ಬರುತ್ತೆ ಅಂತ ಕೊಡುವಾಗ ಗೊತ್ತಿರುತ್ತಿರಲಿಲ್ಲ. ಇಸಾಪನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ್ದನ್ನು ನಾನು ಯಾವ ಲಾಯರ್ ಬಾಯಲ್ಲೂ ಕೇಳಿಲ್ಲ.

ಅವರಿಗೆ ಒಪ್ಪಿಗೆ ಆಗದ್ದು ತೆರಿಗೆ. ಆ ಷೇರನ್ನು ನಾನು ಕೊಂಡ ದಿನವೇ, ಕೊಂಡ ಬೆಲೆಗೂ ಅವತ್ತಿನ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳ ಅಂತ ಹಿಡಿದು ತೆರಿಗೆ ಹಾಕುತ್ತಾರೆ. ಮಾರಿರಬೇಕಾಗಿಲ್ಲ. ಮಾರಲು ಕೊಳ್ಳುವವರು ಇರಬೇಕಾಗಿಯೂ ಇಲ್ಲ. ಕೆಲವು ಅರ್ಹ ಸ್ಟಾರ್ಟಪ್‌ಗಳ ನೌಕರರಿಗೆ ಅದನ್ನು ಮುಂದಕ್ಕೆ ಹಾಕುವ ಅವಕಾಶ ಇದೆ, ನಮ್ಮದು ಆ ಪಟ್ಟಿಯಲ್ಲಿರಲಿಲ್ಲ. 'ಹಣ್ಣು ಕುಯ್ಯೋಕೆ ಮುಂಚೆನೇ ಕಂದಾಯನಾ?' ಅಂದರು ಅಪ್ಪ.

2024ರ ಜುಲೈನಲ್ಲಿ ಊರಿನ ಆಫೀಸು ಮುಚ್ಚಿದರು. ಕಾಫಿಯ ಆ್ಯಪ್ 'ನಿರ್ವಹಣೆ ಮಾತ್ರ' ಅಂತಾಯಿತು. ಅಂದರೆ ಹೊಸದೇನೂ ಇಲ್ಲ, ಕೆಟ್ಟರೆ ನೋಡೋಣ ಅಂತ. ನನ್ನ ತಂಡದಲ್ಲಿ ನಾಲ್ಕು ಜನ ಬೆಂಗಳೂರಿಗೆ ಹೋದರು, ಉಳಿದವರು ಮನೆಗೆ. ಒಬ್ಬೊಬ್ಬರಿಗೂ ನಾನೇ ಹೇಳಿದೆ, ಹೇಳಲೇಬೇಕಿತ್ತು. ಅವತ್ತಿನ ಬಗ್ಗೆ ಜಾಸ್ತಿ ಬರೆಯಲಾರೆ. ಮಿಕ್ಸಿ ಕೊಡಿಸಿದವಳು ಕೊನೆಗೆ ನನಗೇ ಸಮಾಧಾನ ಹೇಳಿ ಬಸ್ಸು ಹತ್ತಿದಳು.

ನನ್ನನ್ನೂ ಬೆಂಗಳೂರಿಗೆ ಕರೆದರು. ಎರಡು ತಿಂಗಳು ಹೋಗಿಬಂದು ಮಾಡಿ, ಸೆಪ್ಟೆಂಬರಿನಲ್ಲಿ ಬಿಟ್ಟೆ. ಬಿಟ್ಟ ಮೇಲೆ ಷೇರು ಕೊಳ್ಳಲು ತೊಂಬತ್ತು ದಿನ. ಅರ್ಧ ಕೊಂಡೆ. ಯಾಕೆ ಅರ್ಧ ಅಂತ ಕೇಳಬೇಡಿ, ಅದಕ್ಕೆ ಲೆಕ್ಕ ಇಲ್ಲ. ಇನ್ನೊಂದು ತಮಾಷೆ. ಕಾಫಿಯಲ್ಲಿ ಏನಿದೆ ಅಂತ ಕಂಪನಿ ಕೈಬಿಟ್ಟ ಆರೇ ತಿಂಗಳಿಗೆ, 2025ರ ಆರಂಭದಲ್ಲಿ, ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಬೀಜ) 50 ಕೆಜಿ ಮೂಟೆಗೆ 20 ಸಾವಿರ ರೂಪಾಯಿ ದಾಟಿತ್ತು. ಅಪ್ಪ ಮನೆಯ ಹೆಂಚು ಬದಲಾಯಿಸಿದರು. ನನ್ನ ಷೇರಿನ ಬಗ್ಗೆ ಕೇಳಲಿಲ್ಲ, ದೊಡ್ಡ ಮನಸ್ಸು.

ಈಗ ನಾನು ಮನೆಯಿಂದಲೇ ಬೇರೊಂದು ಕಂಪನಿಗೆ ಕೆಲಸ ಮಾಡುತ್ತೇನೆ. ಅದು ಬೆಳೆಯುತ್ತಿದೆಯೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ. ಸಂಬಳ ಒಂದನೇ ತಾರೀಕು ಬರುತ್ತದೆ. ನಂಬರು ಬದಲಾಯಿಸು ಅಂತ ಗೆಳತಿಯರು ಹೇಳುತ್ತಾರೆ. ಸ್ಟಿಕ್ಕರುಗಳು ಮಳೆಗೂ ಹೊಗೆಗೂ ಮಾಸಿ ಒಂದೊಂದೇ ಉದುರುತ್ತಿರಬೇಕು. ಕರೆಗಳೂ ಕಡಿಮೆಯಾಗಿವೆ.

ಹೋದ ಶನಿವಾರ ಸಂಜೆ ಮಲ್ಲಂದೂರಿನ ರೈಟರು ಮಾಡಿದ್ದರು. ಅವರ ತೋಟದಲ್ಲಿ ಆ್ಯಪ್ ಬಿಟ್ಟು ವರ್ಷ ಆಗುತ್ತಾ ಬಂತು. ಕಣ್ಣಿನ ಪೊರೆ ಆಪರೇಷನ್ ಆಗಿದೆಯಂತೆ, ಅಂಕಿ ಸ್ವಲ್ಪ ಮಸುಕಂತೆ. ಮೊಮ್ಮಗಳು ಹಾಸ್ಟೆಲಿಗೆ ಹೋಗಿದ್ದಾಳೆ, ಕೂಡಿಸೋಕೆ ಯಾರೂ ಇಲ್ಲ, ನೀವು ಬಿಡುವಾಗಿದ್ದರೆ ನಾನು ಓದ್ತೀನಿ, ನೀವು ಕೂಡ್ತೀರಾ ಅಂದರು. ಕ್ಯಾಲ್ಕ್ಯುಲೇಟರ್ ತೆಗೆದೆ. ಅವರು ಒಂದೊಂದೇ ಹೆಸರು, ಒಂದೊಂದೇ ಮೊತ್ತ ಓದುತ್ತಾ ಹೋದರು. ಮಧ್ಯೆ ಮಳೆ ಬಂತು, ಹೆಂಚಿನ ಸದ್ದಿಗೆ ಎರಡು ಸಲ ನಿಲ್ಲಿಸಿದರು. ಮೂವತ್ತೊಂದು ಜನ.

'ನಿಮ್ಮದೆಷ್ಟು ಬಂತವ್ವಾ?'

'41,680.'

ಆ ಕಡೆ ಪುಸ್ತಕದ ಹಾಳೆ ತಿರುವಿದ ಸದ್ದು. 'ನಂದೂ ಅಷ್ಟೇ' ಅಂದರು, ಫೋನ್ ಇಟ್ಟರು.